ಮಲವಗೊಪ್ಪ ಎಂಬ ವ್ಯಕ್ತಿ

ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಗಿರಿಜಕ್ಕನ ಫೋನು ಬಂತು. ಆಗ ಶಿವಮೊಗ್ಗದ ಗೋಪಾಳದ ನಮ್ಮ ಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ಆಮೇಲೆ ಎಷ್ಟೋ ವಾರ ಕುಕ್ಕರ್ ಕೂಗಿದಾಗಲೆಲ್ಲ ನಾನು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದೆ.

“ನಮ್ಮ ಸೈಟ್ ಮೇಲೆ ಯಾರೋ ಸ್ಟಿಕರ್ ಅಂಟಿಸಿದ್ದಾರೆ ಮಾರಾಯ,” ಎಂದರು. “ಸಿನಿಮಾ ಒಂದೂ ಕಾಣ್ತಿಲ್ಲ. ಬರೀ ಲಾಂಛನ. ಒಂದು ಸಿಂಹ, ಒಂದು ಹದ್ದು, ಇನ್ನೊಂದು ಕೋಳಿ ಥರ ಇದೆ. ಕೋಳಿ ಯಾವ ದೇಶದ್ದು?”

ನನ್ನ ಫೋನಿನಲ್ಲಿ ನೋಡಿದೆ. ಹಲವು ದೇಶಗಳ ಪೊಲೀಸರು ಸೇರಿ ಈ ಜಾಲತಾಣವನ್ನು ವಶಪಡಿಸಿಕೊಂಡಿದ್ದಾರೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅದು ಕದ್ದ ಸಿನಿಮಾಗಳನ್ನು ಬಿಟ್ಟಿ ತೋರಿಸುವ ಸೈಟು. ಅಲ್ಲಿನ ಪರದೇಶದ ಸಿನಿಮಾಗಳ ಕೆಳಗೆ ಕನ್ನಡದ ಸಾಲು ಓಡುತ್ತಿದ್ದರೆ ಅದನ್ನು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಕೂತು ಟೈಪ್ ಮಾಡಿದ್ದು ಗಿರಿಜಕ್ಕ. ಕಷ್ಟದ ಇಂಗ್ಲಿಷಿಗೆ ಅರ್ಥ ಹೇಳಿದ್ದು ನಾನು, ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವನು.

“ಕೋಳಿಯಲ್ಲ ಅಕ್ಕ, ಅದೂ ಹದ್ದೇ,” ಎಂದೆ. ನನ್ನ ಧ್ವನಿ ಮಾತ್ರ ಕೋಳಿಯದಾಗಿತ್ತು.

ಗಿರಿಜಕ್ಕ ಓಲ್ಡ್ ಟೌನಿನಲ್ಲಿ ಬಹಳ ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವರು. ಎರಡು ತಾಲ್ಲೂಕಿನ ಗುಮಾಸ್ತರಲ್ಲಿ ಅರ್ಧದಷ್ಟು ಜನರ ಬೆರಳಿನ ಮೇಲೆ ಅವರ ಸ್ಕೇಲಿನ ಏಟು ಬಿದ್ದಿದೆ. ನನ್ನ ಬೆರಳಿಗೂ ಬಿದ್ದಿದೆ. ಕುಳ್ಳಗೆ, ದಪ್ಪಗೆ, ಸೆರಗನ್ನು ಸೊಂಟಕ್ಕೆ ಬಿಗಿದು ಅವರು ಯಂತ್ರಗಳ ಸಾಲಿನ ಮಧ್ಯೆ ಓಡಾಡುತ್ತಿದ್ದರೆ, ಕಣ್ಣು ಕೀಲಿಮಣೆಯ ಮೇಲೆ ಹೋಗುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ. ಕಂಪ್ಯೂಟರ್ ಬಂತು, ಕಲಿಯುವವರು ಹೋದರು. ಯಂತ್ರಗಳು ಗುಜರಿಗೆ ಹೋದ ಮೇಲೂ ಅವರ ಬೆರಳು ಸುಮ್ಮನಿರಲಿಲ್ಲ. ಊಟಕ್ಕೆ ಕೂತಾಗ ಎಲೆಯ ಪಕ್ಕದಲ್ಲೇ ಏನೋ ಬಡಿಯುತ್ತಿದ್ದವು. ಕೊನೆಗೆ ಒಂದು ಕಂಪ್ಯೂಟರ್ ಕೊಂಡರು. ಅದರಲ್ಲಿ ಒಂದು ಕೊರಿಯಾ ಸಿನಿಮಾ ನೋಡಿ, ಕೆಳಗೆ ಓಡುವ ಇಂಗ್ಲಿಷ್ ಅರ್ಥವಾಗದೆ ಸಿಟ್ಟು ಬಂದು, ನನ್ನನ್ನು ಬಸ್ಸು ಹತ್ತಿಸಿ ಕರೆಸಿಕೊಂಡರು. ಹಾಗೆ ಶುರುವಾದದ್ದು.

ಅವರ ಅನುವಾದದ ರೀತಿಯೇ ಬೇರೆ. ಒಬ್ಬ ಗಂಡ ಮಳೆಯಲ್ಲಿ ನೆನೆಯುತ್ತ ಹೆಂಡತಿಯ ಕಾಲು ಹಿಡಿಯುವ ದೃಶ್ಯಕ್ಕೆ ನಾನು “ನನ್ನನ್ನು ಕ್ಷಮಿಸು ಪ್ರಿಯೆ” ಎಂದು ಹೇಳಿಕೊಟ್ಟೆ.

“ನೀನು ಮನೇಲಿ ಹಿಂಗೇ ಅಂತೀಯೇನೋ?”

“ಇಲ್ಲ ಅಕ್ಕ.”

“ಮತ್ತೆ?” ಎಂದು ಅವರು ಟೈಪ್ ಮಾಡಿದ್ದು: “ತಪ್ಪಾಯ್ತು ಬಿಡೇ, ಬಾಗಿಲು ತೆಗಿ.”

ಪಿಸ್ತೂಲು ಹಿಡಿದ ಖಳನಾಯಕ “ನಿನ್ನ ಅಂತ್ಯ ಸಮೀಪಿಸಿದೆ” ಎಂದರೆ ಗಿರಿಜಕ್ಕನ ಪ್ರಕಾರ ಅದು “ಇವತ್ತು ನೀನು ಹೋದೆ ಮಾರಾಯ.” ನೋಡುವವರಿಗೆ ಸಂಕಟವಾಗಬಾರದೆಂದು ಚೌಕದ ಆವರಣದೊಳಗೆ ತಮ್ಮದೇ ಮಾತು ಸೇರಿಸುತ್ತಿದ್ದರು: “[ನಾಯಿ ಸಾಯೋದಿಲ್ಲ, ಧೈರ್ಯವಾಗಿ ನೋಡಿ].” ಕೊಲೆಗಾರ ಯಾರೆಂದು ಅರ್ಧದಲ್ಲೇ ಹೇಳಿಬಿಟ್ಟದ್ದೂ ಉಂಟು. ಕೇಳಿದರೆ, “ಪಾಪ, ಅಷ್ಟು ಹೊತ್ತು ಯಾಕೆ ಕಾಯಿಸ್ಬೇಕು?” ಎನ್ನುತ್ತಿದ್ದರು. ಮುತ್ತಿಡುವ ದೃಶ್ಯಗಳಿಗೆ ಮಾತೇ ಇಲ್ಲದಿದ್ದರೂ “[ಒಲೆ ಮೇಲೆ ಏನಾದ್ರೂ ಇಟ್ಟಿದ್ರೆ ಈಗ ನೋಡ್ಕೊಂಡು ಬನ್ನಿ]” ಎಂದು ಬರುತ್ತಿತ್ತು.

ಸೈಟಿನಲ್ಲಿ ಅವರ ಹೆಸರು ಮಲವಗೊಪ್ಪ. “ಭದ್ರಾವತಿ ಅಂತ ಹಾಕಿದ್ರೆ ನಾನೇ ಅಂತ ಗೊತ್ತಾಗುತ್ತೆ. ಶಿವಮೊಗ್ಗ ಅಂದ್ರೆ ನೀನೇ ಅಂತ ಗೊತ್ತಾಗುತ್ತೆ. ಅದಕ್ಕೆ ಮಧ್ಯದ ಊರು ಹಾಕಿದೆ,” ಎಂದಿದ್ದರು. ಜಗತ್ತಿನ ಪೊಲೀಸರಿಂದ ತಪ್ಪಿಸಿಕೊಳ್ಳಲು ಅವರು ಹೋದದ್ದು ಸಿಟಿ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ.

ಆ ಶನಿವಾರ ಕಳೆದು ಕೆಲವು ದಿನಕ್ಕೆ ಪತ್ರಿಕೆಯಲ್ಲಿ ಸುದ್ದಿ ಬಂತು. ಸೈಟಿಗೆ ಕೆಲಸ ಮಾಡಿದವರ ಪೈಕಿ “ಮಲವಗೊಪ್ಪ ಎಂಬ ವ್ಯಕ್ತಿ” ಕರ್ನಾಟಕದವನೆಂಬ ಶಂಕೆ ವಿದೇಶಿ ಪೊಲೀಸರಿಗಿದೆಯಂತೆ. ನಮ್ಮ ಕಡೆ ಬೇರೆ ಮಾತೇ ಇಲ್ಲವಾಯಿತು. ನಾನು ಕೂತಿದ್ದ ಬಸ್ಸಿನಲ್ಲಿ ಕಂಡಕ್ಟರ್ “ಮಲವಗೊಪ್ಪ ಯಾರ್ರೀ?” ಎಂದು ಕೂಗಿದ. ಹಿಂದಿನ ಸೀಟಿನಿಂದ ಒಬ್ಬ, “ಗೊತ್ತಾದ್ರೆ ನಮಗೂ ಹೇಳಿ ಸ್ವಾಮಿ, ಅರ್ಧ ಪಿಚ್ಚರ್ ನೋಡಿ ಕೂತಿದೀವಿ,” ಎಂದ. ಇಡೀ ಬಸ್ಸು ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, ಅನುಮಾನ ಬಾರದಿರಲೆಂದು. ಪಕ್ಕದವರು ತಿರುಗಿ ನೋಡಿದರು.

ಚಹಾದಂಗಡಿಗಳಲ್ಲಿ ಜನ ಪೊಲೀಸರ ಮೇಲೇ ಸಿಟ್ಟಾಗಿದ್ದರು. ಕೊಲೆ ಮಾಡಿದವರನ್ನು ಬಿಟ್ಟು ಪಿಚ್ಚರ್ ತೋರಿಸಿದವರನ್ನು ಹಿಡಿಯುತ್ತಾರೆ ಎಂಬುದು ಸಾಮಾನ್ಯ ಅಭಿಪ್ರಾಯ. ಓಲ್ಡ್ ಟೌನಿನ ಟಾಕೀಸಿನಲ್ಲಿ ಟಿಕೆಟ್ ಹರಿಯುವವನು ಮಾತ್ರ, “ಸರಿಯಾಗಿ ಆಯ್ತು. ಖಾಲಿ ಕುರ್ಚಿಗೆ ಟಾರ್ಚ್ ಬಿಟ್ಟು ಬಿಟ್ಟು ಸಾಕಾಗಿದೆ ನಂಗೆ,” ಎಂದ.

ನನಗೆ ಜೈಲು ಕಾಣುತ್ತಿತ್ತು. ಕೆಲಸ ಹೋದಂತೆ, ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ನನ್ನ ಫೋಟೋ ಹಾಕಿದಂತೆ. ದಿಂಬಿಗೆ ತಲೆ ಕೊಟ್ಟರೆ ಬೀದಿಯ ಬೈಕುಗಳೆಲ್ಲ ನಮ್ಮ ಗೇಟಿಗೇ ಬಂದು ನಿಲ್ಲುತ್ತಿದ್ದವು. ಗಿರಿಜಕ್ಕನಿಗೆ ಹೇಳಿದರೆ, “ನಂಗೂ ನಿದ್ದೆ ಇಲ್ಲ ಕಣೋ,” ಎಂದರು. “ಅರ್ಧ ಟೈಪ್ ಮಾಡಿದ್ದು ಹಾಗೇ ಉಳೀತು. ಆ ಹುಡುಗಿ ಬಾವಿಯಿಂದ ಮೇಲೆ ಬಂದ್ಳೋ ಇಲ್ವೋ.”

ಆಮೇಲೆ ಅವರಿಗೆ ಶಿವಮೊಗ್ಗದ ಸೈಬರ್ ಠಾಣೆಯಿಂದ ಕರೆ ಬಂತು. ಮಾಡಿದವನು ರೈಟರ್ ಮಂಜುನಾಥ, ಠಾಣೆಯ ಬರವಣಿಗೆ ನೋಡಿಕೊಳ್ಳುವವನು, ಗಿರಿಜಕ್ಕನ ಹಳೆಯ ವಿದ್ಯಾರ್ಥಿ. ಹಿಡಿಯಲು ಅಲ್ಲ. ವಿದೇಶದಿಂದ ದೆಹಲಿಗೆ, ದೆಹಲಿಯಿಂದ ಬೆಂಗಳೂರಿಗೆ, ಅಲ್ಲಿಂದ ಶಿವಮೊಗ್ಗಕ್ಕೆ ಮಲವಗೊಪ್ಪನ ಒಂದು ಕಂತೆ ಕನ್ನಡ ಬಂದಿತ್ತು. ಅದನ್ನು ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡಿಕೊಡಬೇಕಿತ್ತು. ಜಿಲ್ಲೆಯಲ್ಲಿ ಶುದ್ಧವಾಗಿ ಟೈಪ್ ಮಾಡುವವರು ಯಾರು ಎಂದು ಯೋಚಿಸಿದ ಮಂಜುನಾಥನಿಗೆ ಹೊಳೆದದ್ದು ಗುರುಗಳ ಹೆಸರು. ಗುರುಗಳಿಗೆ ಹೊಳೆದದ್ದು ನನ್ನ ಹೆಸರು.

“ನಾನು ಬರಲ್ಲ ಅಕ್ಕ,” ಎಂದೆ.

“ಕರೆದಾಗ ಬರಲ್ಲ ಅಂದ್ರೆ ಹುಡುಕ್ಕೊಂಡು ಬರ್ತಾರೆ. ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡ್ ಬಾ.”

ಹೀಗೆ, ಇಬ್ಬರು ಕಳ್ಳರು ತಮ್ಮ ಮೇಲಿನ ಸಾಕ್ಷ್ಯವನ್ನು ತಾವೇ ಅನುವಾದಿಸಲು ಫ್ಯಾನಿನ ಕೆಳಗೆ ಕೂತೆವು. ಠಾಣೆಯವರು ಕಾಫಿ ಕೊಟ್ಟರು. ಇನ್ಸ್‌ಪೆಕ್ಟರ್ ಒಂದು ಹಾಳೆಯ ಮೇಲೆ ಬೆರಳಿಟ್ಟರು. “ಇದು ಕೋಡ್ ವರ್ಡ್ ಅಂತ ಅವರ ಅನುಮಾನ. ನಾಯಿ ಸಾಯೋದಿಲ್ಲ. ನಾಯಿ ಅಂದ್ರೆ ಯಾರಿರಬಹುದು?”

“ನಾಯಿ ಅಂದ್ರೆ ನಾಯಿ ಸಾರ್,” ಎಂದರು ಗಿರಿಜಕ್ಕ.

“ಒಲೆ ಮೇಲೆ ಏನೋ ಇಟ್ಟಿದ್ದಾರೆ ಅಂತಾನೂ ಇದೆ. ಬಾಂಬ್ ಇರಬಹುದಾ?”

“ಹಾಲಿರಬಹುದು ಸಾರ್.”

ಅವರ ಬೆರಳು ಓಡುತ್ತಿತ್ತು. ಕಡೆಯ ಹಾಳೆ ಬಂತು. ಸಿನಿಮಾ ಮುಗಿದು ಹೆಸರುಗಳು ಓಡುವ ಜಾಗದಲ್ಲಿ, ಯಾರೂ ಕೂತು ನೋಡದ ಜಾಗದಲ್ಲಿ, “ಟೈಪು: ಗಿ.ಭ.” ಎಂದಿತ್ತು. ಕಚೇರಿ ಪತ್ರದ ಕೆಳಮೂಲೆಯಲ್ಲಿ ಟೈಪಿಸ್ಟ್ ತನ್ನ ಇನಿಷಿಯಲ್ ಹಾಕುವುದು ಪದ್ಧತಿ. ತಪ್ಪಾದರೆ ಯಾರನ್ನು ಕೇಳಬೇಕೆಂದು ಗೊತ್ತಿರಬೇಕಲ್ಲ. ನಮಗೆಲ್ಲ ಅದನ್ನು ಏಟು ಕೊಟ್ಟು ಕಲಿಸಿದವರು ಕದ್ದ ಸಿನಿಮಾಕ್ಕೂ ಬಿಟ್ಟಿರಲಿಲ್ಲ.

“ಅಕ್ಕ,” ಎಂದು ಪಿಸುಗುಟ್ಟಿದೆ, “ಅಸ್ಪಷ್ಟ ಅಂತ ಹಾಕಿಬಿಡಿ.”

“ಅಸ್ಪಷ್ಟ ಯಾಕೆ? ಚೆನ್ನಾಗೇ ಕಾಣ್ತಿದೆ,” ಎಂದವರೇ ಇಂಗ್ಲಿಷಿನಲ್ಲಿ ಹೊಡೆದರು: ಟೈಪ್ ಮಾಡಿದವರು ಗಿರಿಜಮ್ಮ, ಭದ್ರಾವತಿ. ಅದರ ಕೆಳಗೆ, ಈ ಹಾಳೆಯನ್ನೂ ತಾವೇ ಟೈಪ್ ಮಾಡಿದ್ದರಿಂದ, ಮತ್ತೊಮ್ಮೆ ಗಿ.ಭ.

ಮಂಜುನಾಥ ಎರಡು ಸಲ ಓದಿದ. ಹಾಳೆ ಇನ್ಸ್‌ಪೆಕ್ಟರ್ ಕೈಗೆ ಹೋಯಿತು. ಅವರು ಕನ್ನಡಕ ತೆಗೆದರು.

“ಅಮ್ಮ, ತಮಾಷೆ ಮಾಡ್ತಿದ್ದೀರಾ?”

“ಇಲ್ಲ ಸಾರ್, ಟೈಪ್ ಮಾಡ್ತಿದ್ದೀನಿ.”

“ಮಲವಗೊಪ್ಪ ನೀವಾ?”

“ಊರು ಅಲ್ಲೇ ಇದೆ ಸಾರ್. ಹೆಸರು ಮಾತ್ರ ತಗೊಂಡಿದ್ದು.”

“ಸೈಟಿನವರು ಇದಕ್ಕೆ ಏನು ಕೊಡ್ತಿದ್ರು?”

“ಒಂದ್ಸಲ ಗುಲಾಬಿ ಹೂವಿನ ಚಿತ್ರ ಕಳಿಸಿದ್ರು. ಅದೂ ಪ್ಲಾಸ್ಟಿಕ್ ಹೂವು.”

“ಇಂಗ್ಲಿಷ್ ಯಾರು ಹೇಳಿಕೊಟ್ರು?” ಎಂದು ಅವರು ನನ್ನನ್ನು ನೋಡಿದರು. “ಇವರಾ?”

ಗಿರಿಜಕ್ಕ ತಿರುಗಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು, ಹಳೆಯ ಯಂತ್ರವನ್ನು ಗುಜರಿಯವನು ನೋಡುವ ಹಾಗೆ. “ಇವನಿಗೆ ಅಷ್ಟು ಇಂಗ್ಲಿಷ್ ಎಲ್ಲಿಂದ ಬರ್ಬೇಕು ಸಾರ್? ಕಾಲೇಜಲ್ಲಿ ಪಾಠ ಮಾಡ್ತಾನೆ, ಅಷ್ಟೆ.”

ಇನ್ಸ್‌ಪೆಕ್ಟರ್ ತಲೆಯಾಡಿಸಿದರು. ಅವರಿಗೆ ಅದು ನಂಬುವಂಥದ್ದಾಗಿಯೇ ಕಂಡಿತು.

ತಪ್ಪೊಪ್ಪಿಗೆಯನ್ನು ಮಂಜುನಾಥ ಎರಡೇ ಬೆರಳಿನಲ್ಲಿ ಕುಟ್ಟತೊಡಗಿದ. ಗಿರಿಜಕ್ಕ ಸ್ವಲ್ಪ ಹೊತ್ತು ಸಹಿಸಿದರು. “ಏಳೋ, ನಾನು ಕಲಿಸಿದ್ದು ಹಿಂಗಲ್ಲ,” ಎಂದು ಅವನನ್ನು ಎಬ್ಬಿಸಿ, ತಮ್ಮ ಅಪರಾಧವನ್ನು ತಾವೇ ಚೊಕ್ಕವಾಗಿ ಟೈಪ್ ಮಾಡಿ, ಅಂಚು ಸರಿಯಿದೆಯೇ ನೋಡಿ ಕೊಟ್ಟರು. ಇನ್ನು ಮುಂದೆ ಯಾವ ಸಿನಿಮಾಕ್ಕೂ ಒಂದಕ್ಷರ ಟೈಪ್ ಮಾಡುವುದಿಲ್ಲ ಎಂಬ ಮುಚ್ಚಳಿಕೆಯೂ ಅದರಲ್ಲಿತ್ತು. ಕಂಪ್ಯೂಟರ್ ಠಾಣೆಗೆ ಹೋಯಿತು.

ಅಕ್ಕನನ್ನು ಮನೆಗೆ ಬಿಡಲು ಹೋಗುವಾಗ ಬಸ್ಸಿನಲ್ಲಿ ನಾನು ಕೇಳಿದೆ, “ಅಲ್ಲ ಅಕ್ಕ, ನಿಮ್ಮ ವಿಷಯ ನಿಜ ಹೇಳಿದ್ರಿ, ನನ್ನ ವಿಷಯ ಸುಳ್ಳು ಹೇಳಿದ್ರಲ್ಲ?”

“ಅದು ಟೈಪ್ ಮಾಡಿದ್ದು, ಇದು ಬಾಯಲ್ಲಿ ಹೇಳಿದ್ದು. ಬಾಯಿಗೆ ಇನಿಷಿಯಲ್ ಹಾಕಕ್ಕಾಗುತ್ತಾ ಮಾರಾಯ?” ಎಂದು ಅವರು ಕಿಟಕಿಯ ಕಡೆ ತಿರುಗಿದರು. ಸರಳು ಹಿಡಿದಿದ್ದ ಕೈ ನಡುಗುತ್ತಿತ್ತು. ಅಷ್ಟು ವರ್ಷದಲ್ಲಿ ಆ ಬೆರಳುಗಳು ಹದ ತಪ್ಪಿದ್ದನ್ನು ನಾನು ನೋಡಿದ್ದು ಅಂದು ಮಾತ್ರ.

ಆಮೇಲೆ ಕಾಯುವುದೇ ಕೆಲಸವಾಯಿತು. ಆ ಸೈಟು ಬೇರೆ ಹೆಸರಿನಲ್ಲಿ ಮತ್ತೆ ಎದ್ದು ಬಂತು. ಜನ ಪೊಲೀಸರನ್ನು ಕ್ಷಮಿಸಿದರು. ಆದರೆ ಕೆಳಗೆ ಕನ್ನಡ ಇರಲಿಲ್ಲ. ನಾನು ಪ್ರತಿ ಬೆಳಗಿನ ಜಾವ, ಹಾಲಿನವನು ಬರುವ ಮೊದಲೇ ಎದ್ದು ಕೂತು, ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿದ ಆ ಕ್ಷಣವನ್ನು ಮತ್ತೆ ಮತ್ತೆ ನೋಡುತ್ತಿದ್ದೆ. ಒಂದೊಂದು ಸಲ ಗಿರಿಜಕ್ಕ “ಹೌದು ಸಾರ್, ಇವನೇ” ಎನ್ನುತ್ತಿದ್ದರು.

ಮಳೆಗಾಲ ಮುಗಿಯುತ್ತಿದ್ದ ಒಂದು ಭಾನುವಾರ ಮಧ್ಯಾಹ್ನ ಮಂಜುನಾಥ ಫೋನ್ ಮಾಡಿದ. ವಿದೇಶಿ ಪೊಲೀಸರಿಗೆ ಬೇಕಿರುವುದು ಸೈಟು ನಡೆಸಿ ದುಡ್ಡು ಮಾಡಿದವರು ಮಾತ್ರವಂತೆ. ಅಕ್ಕನಿಗೆ ಎಚ್ಚರಿಕೆ ಕೊಟ್ಟು ಕೈಬಿಡಲು ಹೇಳಿದ್ದಾರಂತೆ. ನಾನು ಓಲ್ಡ್ ಟೌನಿಗೆ ಓಡಿದೆ.

ಮನೆಯ ಮುಂದೆ ರಾಶಿ ಚಪ್ಪಲಿ. ಒಳಗೆ ನೋಡಿದರೆ ಬೀದಿಯ ಹೆಂಗಸರೆಲ್ಲ ಟೀವಿಯ ಮುಂದೆ ಕೂತಿದ್ದಾರೆ. ಕೇಬಲ್ಲಿನಲ್ಲಿ ಯಾವುದೋ ಪರದೇಶದ ಸಿನಿಮಾ ಬರುತ್ತಿದೆ, ದನಿ ಪೂರ್ತಿ ಬಂದ್. ಪಕ್ಕದಲ್ಲಿ ಮೊಣಕಾಲಿನ ಮೇಲೆ ಕೈಯಿಟ್ಟು ಕೂತ ಗಿರಿಜಕ್ಕ ರಾಜನಿಗೂ ರಾಣಿಗೂ ಕುದುರೆಗೂ ತಾವೇ ಮಾತಾಡುತ್ತಿದ್ದಾರೆ.

“ಅಕ್ಕ, ಮುಚ್ಚಳಿಕೆ ಕೊಟ್ಟಿದ್ದೀರಿ,” ಎಂದೆ.

“ಟೈಪ್ ಮಾಡಲ್ಲ ಅಂತ ಕೊಟ್ಟಿದ್ದೀನಿ. ಕೂತ್ಕೋ, ರಾಣಿಗೆ ವಿಷ ಹಾಕ್ತಿದ್ದಾರೆ.”

ಸುದ್ದಿ ಹೇಳಿದೆ. ಪರದೆಯಲ್ಲಿ ರಾಜನ ಬಾಯಿ ಮಾತಿಲ್ಲದೆ ಆಡುತ್ತಿತ್ತು. “ಏನಂತಾನೆ ಅಕ್ಕ?” ಎಂದು ಹೆಂಗಸರು ಗಲಾಟೆ ಮಾಡಿದರು. ಗಿರಿಜಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, “ಊಟ ಆಯ್ತಾ ಅಂತ ಕೇಳ್ತಿದ್ದಾನೆ ಕಣ್ರೇ,” ಎಂದರು.

ನಾನು ಅವರನ್ನು ಕಡೆಯದಾಗಿ ಕಂಡದ್ದು ಅಂದೇ. ದೀಪಾವಳಿಗೆ ಮೊದಲೇ, ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಈಗ ಆ ಮನೆಯಲ್ಲಿ ಯಾರೋ ಬಾಡಿಗೆಗಿದ್ದಾರೆ. ಅವರ ಟೀವಿ ಸದ್ದು ಬೀದಿಯವರೆಗೂ ಕೇಳುತ್ತದೆ.

ಆ ಭಾನುವಾರ ರಾಣಿ ಸತ್ತಳೋ ಬದುಕಿದಳೋ ನನಗೆ ನೆನಪಿಲ್ಲ. ಸಿನಿಮಾ ಮುಗಿಯುವವರೆಗೂ ಗೋಡೆಗೊರಗಿ ಅವರ ದನಿ ಕೇಳುತ್ತ ಕೂತಿದ್ದೆ. ಕೊನೆಯ ಬಸ್ಸಿಗೆ ಬಹಳ ಮೊದಲೇ ಗೋಪಾಳಕ್ಕೆ ಬಂದು, ಅನ್ನ ಸಾರು ಉಂಡು ಮಲಗಿದೆ. ಎಚ್ಚರವಾದಾಗ ಬಿಸಿಲು ಮುಖದ ಮೇಲಿತ್ತು, ಅಡುಗೆಮನೆಯಲ್ಲಿ ಹೆಂಡತಿ ಗೊಣಗುತ್ತಿದ್ದಳು. ಹಾಲಿನವನು ಕೂಗಿ ಕೂಗಿ, ನಾನು ಏಳಲಿಲ್ಲವೆಂದು ಪಕ್ಕದ ಮನೆಗೆ ಕೊಟ್ಟು ಹೋಗಿದ್ದನಂತೆ.