ಭರ್ತಿ ಎಂದು ಬರೆದಿದ್ದೆ

ನಮ್ಮ ಕರಾವಳಿಯಲ್ಲಿ ಭರ್ತಿ ಎಂದರೆ ನೀರಿನ ಉಬ್ಬರ. ಬಯಲುಸೀಮೆಯವರಿಗೆ ಭರ್ತಿ ಎಂದರೆ ತುಂಬುವುದು. ಈ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ಅಂಕೋಲೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಕಾರವಾರದ ಸರಕಾರಿ ಕಚೇರಿಯೊಂದರಲ್ಲಿ ವರ್ಕ್ ಇನ್ಸ್‌ಪೆಕ್ಟರ್ ಆದೆ. ಎರಡು ಸಾವಿರದ ಇಸವಿಯ ಈಚೆಗೆ, ರಾಜ್ಯದ ಪಂಚವಾರ್ಷಿಕ ಯೋಜನೆಯ ಕೊನೆಯ ವರ್ಷ, ಕದ್ವಾಡದ ಕಡೆಯ ಹೊಳೆಯಂಚಿನ ಗದ್ದೆಗಳಿಗೆ ಉಪ್ಪುನೀರು ನುಗ್ಗದಂತೆ ಒಡ್ಡು ಕಟ್ಟಲು ಹಣ ಬಂತು. ಮಾರ್ಚ್ ಒಳಗೆ ಖರ್ಚಾಗದಿದ್ದರೆ ಅದು ವಾಪಸ್ಸು.

ಜಾಗ ನೋಡಲು ಹೋದಾಗ ನನ್ನದೇ ವಯಸ್ಸಿನ ಒಬ್ಬ ರೈತ ಜೊತೆಗೆ ಬಂದ. ಅವನ ಗದ್ದೆ ಹೊಳೆಗೆ ತಾಗಿಯೇ ಇತ್ತು. ದಂಡೆಯ ಕಲ್ಲೊಂದರ ಮೇಲೆ ಕೈಯಿಟ್ಟು, ಮಳೆಗಾಲದ ಅಮಾವಾಸ್ಯೆಗೆ ಭರ್ತಿ ಇಲ್ಲಿಯವರೆಗೆ ಬರುತ್ತದೆ, ಒಡ್ಡು ಇದಕ್ಕಿಂತ ಎರಡು ಮೊಳ ಮೇಲಿರಲಿ ಎಂದ. ನಾನು ಅಲ್ಲಿ ಸುಣ್ಣದ ಗೆರೆ ಎಳೆದು, ಅಳತೆ ಪುಸ್ತಕದಲ್ಲಿ ‘ಭರ್ತಿ ಮಟ್ಟ’ ಎಂದಷ್ಟೇ ಬರೆದೆ.

ಬಯಲುಸೀಮೆಯಿಂದ ಹೊಸದಾಗಿ ಬಂದಿದ್ದ ಎಂಜಿನಿಯರು ಅದನ್ನು ಮಣ್ಣು ತುಂಬುವ ಮಟ್ಟವೆಂದು ತಿಳಿದು, ಒಡ್ಡಿನ ತಲೆಯನ್ನು ಅದೇ ಗೆರೆಗೆ ನಿಲ್ಲಿಸಿದರು. ಮಂಜೂರಾಗಿ ಬಂದ ನಕ್ಷೆಯಲ್ಲಿ ಅದನ್ನು ಕಂಡೆ. ತಿದ್ದಬೇಕೆಂದರೆ ಕಡತ ಮತ್ತೆ ಮೇಲೆ ಹೋಗಬೇಕು, ಅಷ್ಟರಲ್ಲಿ ಮಾರ್ಚ್ ಕಳೆಯುತ್ತದೆ. ಯಾರ ತಪ್ಪೆಂದು ಕೇಳಿದರೆ ಬರೆದವನು ನಾನು. ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಬಾಯಿ ಬಿಡಲಿಲ್ಲ.

ಒಡ್ಡು ಕಟ್ಟಿ ಮುಗಿದಾಗ, ಇಷ್ಟೇ ಎತ್ತರವೇ ಎಂದು ರೈತ ಕೇಳಿದ. ಲೆಕ್ಕ ಹಾಕಿಯೇ ಕಟ್ಟಿದ್ದು ಎಂದೆ. ಅಷ್ಟಕ್ಕೆ ನಿಲ್ಲದೆ, ಉಪ್ಪು ತಾಳುವ ಕಗ್ಗ ಭತ್ತ ಇನ್ನೇಕೆ, ಸರಕಾರಿ ಬೀಜ ಬಿತ್ತು ಎಂದೂ ಹೇಳಿದೆ. ಅವನು ನಂಬಿದ. ಅವನನ್ನು ನೋಡಿ ಉಳಿದವರೂ ಬಿತ್ತಿದರು. ಅಜ್ಜನ ಕಾಲದಿಂದ ಉಳಿಸಿಕೊಂಡು ಬಂದಿದ್ದ ಕಗ್ಗದ ಬೀಜವನ್ನು ಕುಟ್ಟಿ ಗಂಜಿ ಮಾಡಿ ಉಂಡರು.

ಆಷಾಢದ ಅಮಾವಾಸ್ಯೆಗೆ ಹೊಳೆ ಒಡ್ಡು ದಾಟಿತು. ಒಳಗೆ ಬಂದ ಉಪ್ಪುನೀರು ಇಳಿಯದೆ ನಿಂತು ಸಸಿಯೆಲ್ಲ ಕೊಳೆಯಿತು. ಮರುವರ್ಷ ಬಿತ್ತಲು ಕಗ್ಗವೂ ಇರಲಿಲ್ಲ. ಗದ್ದೆಗಳು ಪಾಳು ಬಿದ್ದವು.

ಗುರುತು ತಪ್ಪು ತೋರಿಸಿದ ಎಂದು ಊರವರು ಕಲ್ಲು ತೋರಿಸಿದವನನ್ನೇ ಹಿಡಿದುಕೊಂಡರು. ಅವನು ಚಾದಂಗಡಿಗೆ ಬಂದರೆ, “ಇಂಜಿನೇರ್ರು ಬಂದ್ರು, ಚಾ ಯಾವ ಗುರ್ತಿನ ವರೆಗೆ ಹೊಯ್ಯೂದು ಕೇಳಿ” ಎನ್ನುತ್ತಿದ್ದರು. ಒಂದು ದಿನ ಅವನು ಕಚೇರಿಗೇ ಬಂದ.

“ಸಾಹೇಬ್ರೆ, ಎರಡು ಮೊಳ ಮೇಲೆ ಅಂತ ನಾ ಹೇಳಿದ್ನಲಾ? ಇಲ್ಲಾ, ಹೇಳೂಕೇ ಮರ್ತ್ನೋ?”

ನೆನಪಿಲ್ಲ ಎಂದೆ.

ಪಿಂಚಣಿ ಕೈಗೆ ಬಂದು ಎರಡು ವರ್ಷದ ಮೇಲೆ ಅವನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ.

“ನಂಗೊಬ್ಬಂಗೇ ಹೇಳಿದ್ರೆ ಏನಾಯ್ತು? ಅಂಗಡಿ ಹತ್ರ ಬಂದು ನಾಲ್ಕ್ ಜನರ ಎದ್ರಿಗೆ ಹೇಳ್ತ್ರಾ?”

ನಾಳೆ ಬರುತ್ತೇನೆ ಎಂದೆ. ಮರುದಿನ ಇಸ್ತ್ರಿ ಅಂಗಿ ತೊಟ್ಟು ಕಾರವಾರದ ಹಬ್ಬುವಾಡದ ನನ್ನ ಮನೆಯಿಂದ ಹೊರಟೆ. ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟು, ಮೂರನೆಯದನ್ನೂ ಬಿಟ್ಟು, ಮನೆಗೆ ಮರಳಿದೆ.

ಅವನು ತೀರಿಕೊಂಡ ಮೇಲೆ ಅವನ ಹೆಂಡತಿಯಿಂದ ತಿಳಿಯಿತು. ನಾನು ಬರುತ್ತೇನೆಂದಿದ್ದ ಆ ದಿನ ಅವನು ಬೆಳಿಗ್ಗೆಯೇ ಮನೆಮನೆಗೆ ಹೋಗಿ ಜನರನ್ನು ಕರೆದು, ಸಾಹೇಬರು ಬರುತ್ತಾರೆ ಎಂದು ಹೇಳಿ, ಮಧ್ಯಾಹ್ನದವರೆಗೆ ಚಾದಂಗಡಿಯಲ್ಲಿ ಅವರೆಲ್ಲರ ನಡುವೆ ಕೂತಿದ್ದನಂತೆ.