ರೇಜ್ ಅಂದರೆ ಎತ್ತುವುದು

ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಟೀಚರಿಗೆ ಸಮಾನಾರ್ಥಕ ಪದಗಳೆಂದರೆ ಪ್ರಾಣ. ಒಂದು ಪದ ಕೈಗೆ ಸಿಕ್ಕರೆ ಅದರ ಅಣ್ಣತಮ್ಮಂದಿರು, ದಾಯಾದಿಗಳು, ದೂರದ ನೆಂಟರು ಎಲ್ಲರನ್ನೂ ಕರೆದು ಸಾಲಾಗಿ ಕೂರಿಸುವವರೆಗೂ ಅವರಿಗೆ ಸಮಾಧಾನವಿರುತ್ತಿರಲಿಲ್ಲ. ಅದರಲ್ಲೂ 'ಏಳುವುದು' ಎಂಬ ಪಾಠ ಬಂತೆಂದರೆ ಅವರ ಉತ್ಸಾಹ ನೋಡಬೇಕು.

"ಸೂರ್ಯ ತಾನೇ ಏಳ್ತಾನೆ, ಅದು ರೈಸ್. ನಿನ್ನ ಕೈ ತಾನಾಗಿ ಏಳಲ್ಲ, ನೀನೇ ಎತ್ತಬೇಕು, ಅದು ರೇಜ್. ಎತ್ತರದ ಕಟ್ಟಡಕ್ಕೆ ಹೈರೈಸ್ ಅನ್ನು, ಟವರ್ ಅನ್ನು, ಸ್ಕೈಸ್ಕ್ರೇಪರ್ ಅನ್ನು. ಇಂಗ್ಲಿಷಿನವರ ಕಟ್ಟಡ ಆಕಾಶವನ್ನ ಕೆರೆಯುತ್ತೆ, ನಮ್ಮ ಗಗನಚುಂಬಿ ಮುತ್ತು ಕೊಡುತ್ತೆ!" ಎಂದಾಗ ಹುಡುಗಿಯರೆಲ್ಲ ಮುಸಿಮುಸಿ ನಗುತ್ತಿದ್ದರು.

ಅವರ ತಮ್ಮ ದರ್ಜಿ. ಅವನಿಗೂ ಈ ಪಾಠ ಬಾಯಿಪಾಠವಾಗಿತ್ತು. "ಅಕ್ಕಾ, ನನ್ನ ಅಂಗಡೀಲಿ ಹೈರೈಸ್ ಅಂದ್ರೆ ಹೊಕ್ಕುಳ ಮೇಲೆ ಬರೋ ಪ್ಯಾಂಟು ಕಣೆ" ಎಂದು ರೇಗಿಸುತ್ತಿದ್ದ. ಅದೂ ಸರಿಯೇ ಎಂದು ಟೀಚರ್ ಒಪ್ಪಿಕೊಳ್ಳುತ್ತಿದ್ದರು. ಮದುವೆಯಾಗದ ಅಕ್ಕ, ಹೆಂಡತಿ ತೀರಿಹೋದ ತಮ್ಮ, ಇಬ್ಬರೂ ಹಳೆಯ ನಾಲ್ಕು ಮಹಡಿ ಕಟ್ಟಡವೊಂದರಲ್ಲಿ ಬಾಡಿಗೆಗಿದ್ದರು. ಮನೆ ಮೂರನೇ ಮಹಡಿಯಲ್ಲಿ, ದರ್ಜಿ ಅಂಗಡಿ ಕೆಳಗೆ. ಅದರ ಪಕ್ಕದಲ್ಲೇ ಒಂದು ಬೇಕರಿ. ಕಟ್ಟಡದ ಯಾರ ಮನೆಗೆ ಇಂಗ್ಲಿಷ್ ಕಾಗದ ಬಂದರೂ ಮೊದಲು ಹತ್ತುತ್ತಿದ್ದುದು ಟೀಚರ ಮನೆಯ ಮೆಟ್ಟಿಲನ್ನೇ.

ಆ ವರ್ಷ ಮಾಲೀಕ ಕಟ್ಟಡವನ್ನು ಒಂದು ಕಂಪನಿಗೆ ಮಾರಿಬಿಟ್ಟ. ಕಂಪನಿಯ ಕಡೆಯಿಂದ ಎಂಜಿನಿಯರ್ ಒಬ್ಬ ಬಂದ. ಪರದೇಶದವನು, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬಾರದು. ಬಾಡಿಗೆದಾರರೆಲ್ಲ ಅಂಗಳದಲ್ಲಿ ಸೇರಿದರು. ಮಾತು ತಿಳಿಸಿ ಹೇಳಲು ಟೀಚರನ್ನೇ ಮುಂದೆ ನಿಲ್ಲಿಸಿದರು. ಇಸ್ತ್ರಿ ಮಾಡಿದ ಸೀರೆ ಉಟ್ಟು, ಕನ್ನಡಕ ಒರೆಸಿಕೊಂಡು ಅವರು ಸಿದ್ಧರಾಗಿದ್ದರು.

ಎಂಜಿನಿಯರ್ ಹಣೆಯ ಬೆವರು ಒರೆಸಿಕೊಂಡ. ಬೇಸಿಗೆಯ ಹೊತ್ತಿಗೆ ಈ ಕಟ್ಟಡ ರೇಜ್ ಆಗುತ್ತದೆ, ಇಲ್ಲೊಂದು ಟವರ್ ಬರುತ್ತದೆ ಎಂದ. ಟೀಚರಿಗೆ ಮೈ ಜುಮ್ಮೆಂದಿತು. ಆದರೂ ಅವರು ಅವಸರದವರಲ್ಲ, ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಸಮಾನಾರ್ಥಕ ಪದವನ್ನೇ ಹಿಡಿದು ಕೇಳಿದರು: "ಹೈರೈಸ್?"

"ಯೆಸ್, ಯೆಸ್! ಹೈರೈಸ್!" ಎಂದು ಅವನು ತಲೆಯಾಡಿಸಿದ.

ಟೀಚರ್ ಜನರ ಕಡೆ ತಿರುಗಿದರು. "ನಮ್ಮ ಕಟ್ಟಡವನ್ನ ಎತ್ತರಿಸ್ತಾರಂತೆ! ಮೇಲೆ ಇನ್ನಷ್ಟು ಮಹಡಿ ಕಟ್ಟಿ ದೊಡ್ಡ ಟವರ್ ಮಾಡ್ತಾರಂತೆ!"

ಅಂಗಳ ಚಪ್ಪಾಳೆಯಿಂದ ತುಂಬಿಹೋಯಿತು. ಬೈಗುಳ ತಿನ್ನಲು ತಯಾರಾಗಿ ಬಂದಿದ್ದ ಎಂಜಿನಿಯರ್ ಕಣ್ಣು ಕಣ್ಣು ಬಿಟ್ಟ. ಹೇಳಬೇಕಾದ ಮಿಕ್ಕದ್ದನ್ನು ಮೊಟಕುಗೊಳಿಸಿ, ಟೀಚರ ಕೈ ಕುಲುಕಿ, ಇಂಥ ಒಳ್ಳೆಯ ಜನರನ್ನು ನಾನು ಎಲ್ಲೂ ಕಂಡಿಲ್ಲ ಎಂದು ಹೇಳಿ ಹೊರಟ.

ಸಂಜೆ ತಮ್ಮ ಮಾತ್ರ ಸೂಜಿಗೆ ದಾರ ಪೋಣಿಸುತ್ತ, "ಅಕ್ಕಾ, ನಾನು ಇಸ್ತ್ರಿಪೆಟ್ಟಿಗೆ ಸ್ವಲ್ಪ ಜೋರಾಗಿ ಕುಕ್ಕಿದ್ರೆ ಈ ಗೋಡೆ ಅದುರುತ್ತೆ. ಇದರ ಮೇಲೆ ಟವರ್ರಾ?" ಎಂದ.

"ಎಂಜಿನಿಯರಿಗಿಂತ ನಿನಗೆ ಜಾಸ್ತಿ ಗೊತ್ತೇನೋ? ಸುಮ್ಮನೆ ಗುಂಡಿ ಹೊಲಿ."

ಬೇಕರಿಯವನಿಗೆ ಪಕ್ಕದ ಬೀದಿಯ ಮೂಲೆಯಲ್ಲಿ ಒಳ್ಳೆಯ ಅಂಗಡಿಯೊಂದು ಸಿಗುವುದರಲ್ಲಿತ್ತು. ಅವನು ಬೇಡವೆಂದುಬಿಟ್ಟ. "ಮೇಲೆ ಅಷ್ಟು ಜನ ಬಂದ್ರೆ ಬ್ರೆಡ್ ನನ್ನ ಹತ್ರ ತಾನೇ ತಗೋಬೇಕು, ಅಲ್ವಾ ಟೀಚರ್?" ಎಂದು ಹಳೆಯ ಒಲೆ ಕೀಳಿಸಿ ದೊಡ್ಡ ಒಲೆ ಹಾಕಿಸಿದ. ಟೀಚರ್ ಅದರ ಮೊದಲ ಬನ್ನು ತಿಂದು ಹರಸಿದರು.

ಚಳಿ ಕಳೆಯುವ ಹೊತ್ತಿಗೆ, ಒಂದು ಬೆಳಿಗ್ಗೆ ಟೀಚರ್ ಹಾಲಿಗೆಂದು ಕೆಳಗಿಳಿದರೆ ಒಬ್ಬ ಕೂಲಿಯವನು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಅಡ್ಡಗೀಟು ಎಳೆಯುತ್ತಿದ್ದ.

"ಏನಪ್ಪಾ ಇದು?"

"ಒಡೆಯೋ ಗೋಡೆಗೆಲ್ಲ ಗುರುತು ಹಾಕ್ತಿದ್ದೀನಮ್ಮ."

"ಯಾವ ಗೋಡೆ ಒಡೀತಾರೆ?"

ಅವನು ಕುಂಚ ಹಿಡಿದುಕೊಂಡೇ ಕಟ್ಟಡವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. "ಎಲ್ಲಾನೂ. ನಿಮಗೆ ಹೇಳಿಲ್ವಾ?"

ಹಾಲಿನ ಮಾತೇ ಮರೆತು ಟೀಚರ್ ವಾಪಸು ಓಡಿದರು. ಹೇಗೆ ಮೂರು ಮಹಡಿ ಹತ್ತಿದರೋ ಅವರಿಗೇ ತಿಳಿಯದು. ಎಂಜಿನಿಯರಿಗೆ ಫೋನ್ ಮಾಡಿದರು. ರೇಜ್ ಮಾಡುತ್ತೇವೆ ಎಂದಿದ್ದಿರಲ್ಲ ಎಂದು ಕೇಳಿದರು. ಹೌದು, ರೇಜ್ ಎಂದೇ ಹೇಳಿದ್ದು ಎಂದ ಅವನು. ಮತ್ತೆ ಕೇಳಿದರು, ಮತ್ತೆ ಅದೇ ಉತ್ತರ. ಕೊನೆಗೆ, ಆ ಪದದ ಅಕ್ಷರಗಳನ್ನು ಒಂದೊಂದಾಗಿ ಹೇಳಿ ಎಂದರು.

"ಆರ್," ಎಂದ ಅವನು. "ಎ." ಆಮೇಲೆ, "ಝಡ್."

ಟೀಚರ್ ಕುರ್ಚಿಗಾಗಿ ತಡವರಿಸಿದರು. ಅದು ಸಿಗದೆ ನೆಲದ ಮೇಲೆಯೇ ಕೂತರು. ಎತ್ತುವ ರೇಜ್‌ನಲ್ಲಿ ಝಡ್ ಇಲ್ಲ. ಝಡ್ ಇರುವ ರೇಜ್ ಬೇರೆ. ಉಚ್ಚಾರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಅರ್ಥ ಮಾತ್ರ ನೆಲಸಮ ಮಾಡುವುದು. ಹಳೆಯ ಯುದ್ಧಗಳ ಪುಸ್ತಕದಲ್ಲಿ, ಸುಟ್ಟು ಕೆಡವಿದ ಊರುಗಳ ವರ್ಣನೆಯಲ್ಲಿ ಅದನ್ನು ಓದಿದ್ದರು. ಆದರೆ ಜೀವಮಾನದಲ್ಲಿ ಒಮ್ಮೆಯೂ ಯಾರ ಬಾಯಲ್ಲೂ ಕೇಳಿರಲಿಲ್ಲ.

"ಏನಾಯ್ತಕ್ಕಾ? ಯಾರಾದ್ರೂ ಹೋದ್ರಾ?" ಎನ್ನುತ್ತ ತಮ್ಮ ಓಡಿಬಂದ.

"ಮನೇನೇ ಹೋಯ್ತು ಕಣೋ. ನಾನೇ ಚಪ್ಪಾಳೆ ತಟ್ಟಿಸಿದೆ."

ತಾನು ಗೋಡೆಯ ಬಗ್ಗೆ ಎಚ್ಚರಿಸಿದ್ದೆ ಎಂದು ತಮ್ಮ ಎತ್ತಿ ಆಡಲಿಲ್ಲ. ಒಂದು ಲೋಟ ನೀರು ತಂದು ಅಕ್ಕನ ಕೈಗಿಟ್ಟ.

ಟೀಚರ್ ಆ ದಿನವೇ ಎಲ್ಲ ಮನೆಗಳ ಬಾಗಿಲು ಬಡಿದು, ತಪ್ಪು ನನ್ನದು ಎಂದು ಹೇಳಿದರು. ಕೆಲವರು ಕೂಗಾಡಿದರು, ಕೆಲವರಿಗೆ ನಂಬಿಕೆಯೇ ಬರಲಿಲ್ಲ. ಬೇಕರಿಯವನು ಮಾತ್ರ ಹೊಸ ಒಲೆಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದ. ಆ ಮೌನದ ಮುಂದೆ ಬೈಗುಳಗಳೇ ವಾಸಿ ಎನಿಸಿತು.

ಮಾರನೆಯ ದಿನ ಅಕ್ಕ ತಮ್ಮ ಎಂಜಿನಿಯರನ ಕಚೇರಿಗೆ ಹೋದರು. "ಆವತ್ತು ಚಪ್ಪಾಳೆ ಬಿದ್ದಿದ್ದು ನನ್ನ ಮಾತಿಗೆ, ನಿಮ್ಮ ಮಾತಿಗಲ್ಲ. ಈ ಜನ ಯಾವುದಕ್ಕೂ ಒಪ್ಪಿಲ್ಲ" ಎಂದು ಟೀಚರ್ ಇಂಗ್ಲಿಷಿನಲ್ಲಿ ಹೇಳಿದಾಗ ಅವನ ಮುಖ ಬಿಳಿಚಿಕೊಂಡಿತು. ಎಲ್ಲರೂ ಸಂತೋಷದಿಂದ ಒಪ್ಪಿದ್ದಾರೆಂದು ಅವನು ಮೇಲಿನವರಿಗೆ ತಿಳಿಸಿಯಾಗಿತ್ತು. ಆದರೆ ಮನುಷ್ಯ ಕೆಟ್ಟವನಲ್ಲ. ಓಡಾಡಿ, ಕೆಡವುವ ಕೆಲಸವನ್ನು ಮಳೆಗಾಲದ ಆಚೆಗೆ ತಳ್ಳಿಸಿದ. ಅಷ್ಟರಲ್ಲಿ ಎಲ್ಲರಿಗೂ ಅಲ್ಲಿ ಇಲ್ಲಿ ಮನೆ ಸಿಕ್ಕಿತು. ಪಕ್ಕದ ಬೀದಿಯ ಮೂಲೆ ಅಂಗಡಿ ಮಾತ್ರ ಆಗಲೇ ಕ್ಷೌರಿಕನ ಪಾಲಾಗಿತ್ತು. ಬೇಕರಿಯವನು ದೂರದ ಬಡಾವಣೆಯಲ್ಲಿ ಸಣ್ಣದೊಂದು ಜಾಗ ಹಿಡಿದ.

ಕಟ್ಟಡ ಕೆಡವುವ ದಿನ ಹಳೆಯ ಬಾಡಿಗೆದಾರರೆಲ್ಲ ಬೀದಿಯಲ್ಲಿ ನಿಂತಿದ್ದರು. ಯಂತ್ರದ ಉದ್ದನೆಯ ಕೈ ಮೂರನೇ ಮಹಡಿಯ ಗೋಡೆಯನ್ನು ಎಳೆದುಹಾಕಿತು. ಒಳಗಿನ ನೀಲಿ ಬಣ್ಣ, ಸೌಟು ನೇತುಹಾಕುತ್ತಿದ್ದ ಮೊಳೆಗಳು ಬಯಲಾದವು.

"ಅಕ್ಕಾ, ನಮ್ಮ ಅಡುಗೆಮನೆ," ಎಂದ ತಮ್ಮ. ಬೀದಿಯಲ್ಲಿ ಹೋಗುವವರೆಲ್ಲ ಅದನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಎಂಜಿನಿಯರ್ ಆ ಕಡೆಯಿಂದ ಕೈ ಬೀಸಿ ಏನೋ ಕೂಗಿದ. ಯಾರಿಗೂ ಅರ್ಥವಾಗಲಿಲ್ಲ. ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ ಬೇಕರಿಯವನು ಟೀಚರ ಕಡೆ ತಿರುಗಿದ.

"ಏನಂತೆ ಟೀಚರ್?"

ಟೀಚರ್ ಬಾಯಿ ತೆರೆದವರು ಹಾಗೇ ನಿಂತರು. ಎಂಜಿನಿಯರನಿಗೆ ಕೂಗಿ ಇನ್ನೊಮ್ಮೆ ಹೇಳಿಸಿದರು. ಅದೂ ಸಾಲದೆ, ತಾವೇ ಕೈಸನ್ನೆ ಮಾಡಿ ತೋರಿಸಿ, ಅವನು ತಲೆಯಾಡಿಸಿದ ಮೇಲೆ ಹೇಳಿದರು:

"ಹಿಂದಕ್ಕೆ ಸರೀಬೇಕಂತೆ. ಎಲ್ಲರೂ. ಧೂಳು ಬರುತ್ತಂತೆ."

ಬೇಕರಿಯವನು ಮೊದಲು ಸರಿದ. ಅವನ ಹಿಂದೆ ಉಳಿದವರೂ ಸರಿದರು.