ರೊಟ್ಟಿಬುಟ್ಟಿ ಎತ್ತಿದವರು ಯಾರು

ಸನಿಯ್ಯಾ ಹುಟ್ಟಿದ್ದೂ ಮದುವೆಯಾಗಿದ್ದೂ ಸುಹಾಗ್ ಪಟ್ಟಣದ ಕಡೆಯ ಒಂದೇ ಓಣಿಯಲ್ಲಿ. ಅಲ್ಲಿಯ ರೂಢಿಯಂತೆ ಚಿಕ್ಕಪ್ಪನ ಮಗ ಹಮ್ದಾನನೇ ಗಂಡ. ಬಿಸಿಲಿಗಿಟ್ಟು ಉಬ್ಬಿಸಿದ ಹಿಟ್ಟಿನ ದಪ್ಪ ರೊಟ್ಟಿ ಸುಡುವುದರಲ್ಲೇ ಅವಳ ಹರೆಯ ಕಳೆದಿತ್ತು.

ಕಳ್ಳ ಬಂದೂಕುಗಳ ಹುಡುಕಾಟ ನಡೆದ ವರ್ಷ ಠಾಣೆಯವರು ಮೈದುನನನ್ನು ಹಿಡಿದೊಯ್ದು, "ಮನೆಯಲ್ಲಿರೋ ಬಂದೂಕು ತಂದು ಒಪ್ಪಿಸಿ, ಬಿಡ್ತೀವಿ" ಎಂದರು. ಮನೆಯಲ್ಲಿ ಬಂದೂಕೇ ಇರಲಿಲ್ಲ. ಇಲ್ಲದವರು ಎಲ್ಲಿಂದಲೋ ಒಂದನ್ನು ಕೊಂಡು ತಂದಾದರೂ ಒಪ್ಪಿಸುತ್ತಿದ್ದರು. ಹಮ್ದಾನ್ ಮಾತ್ರ ಸುತರಾಂ ಒಪ್ಪಲಿಲ್ಲ. "ಮಾಡದ ತಪ್ಪನ್ನ ದುಡ್ಡು ಕೊಟ್ಟು ತರ್ಲಾ?" ಎಂದ.

ಸನಿಯ್ಯಾಳಿಗೆ ತಡೆಯಲಾಗಲಿಲ್ಲ. ಸೋದರಮಾವನಿಂದ ಗುಟ್ಟಾಗಿ ಒಂದು ಗಿಡ್ಡ ಬಂದೂಕು ತರಿಸಿ, ಮೈದುನನಿಗೆ ಕಳಿಸುವ ರೊಟ್ಟಿಗಳ ಅಡಿಯಲ್ಲಿಟ್ಟಳು. ಠಾಣೆಯವರು ಬುಟ್ಟಿ ಬಿಚ್ಚಿದಾಗ ಸಿಗುತ್ತದೆ, ಮೈದುನನನ್ನು ಬಿಡುತ್ತಾರೆ ಎಂದುಕೊಂಡಿದ್ದಳು. ಏನೂ ತಿಳಿಯದ ಹಮ್ದಾನ್ ಬುಟ್ಟಿಯನ್ನು ಕತ್ತೆಯ ಮೇಲೆ ಒಯ್ಯುತ್ತಿದ್ದಾಗ ಅದು ದಾರಿಯ ತಪಾಸಣೆಯಲ್ಲೇ ಸಿಕ್ಕಿತು. ಮೈದುನ ಮನೆಗೆ ಬಂದ, ಹಮ್ದಾನ್ ಒಳಗೆ ಹೋದ.

ಬಂದೂಕು ಅವನದೆಂದು ಹೇಳುವ ಸಾಕ್ಷಿ ಒಬ್ಬರೂ ಇರಲಿಲ್ಲ. ಆದರೂ ಬುಟ್ಟಿ ಬರೀ ರೊಟ್ಟಿಯ ತೂಕಕ್ಕಿಂತ ಭಾರವಾಗಿತ್ತು, ಎತ್ತಿ ಕತ್ತೆಯ ಮೇಲೆ ಹೇರಿದವನಿಗೆ ಗೊತ್ತಾಗದೆ ಇರದು ಎಂದು ಕೆಳಗಿನ ಕೋರ್ಟು ಶಿಕ್ಷೆ ಹಾಕಿತು. ಹಮ್ದಾನ್ ತುಟಿ ಬಿಚ್ಚಲಿಲ್ಲ, ಅವಳಿಗೂ ಬಿಚ್ಚಗೊಡಲಿಲ್ಲ.

ಮೇಲ್ಮನವಿಯ ದಿನ ವಕೀಲ ರಿಫಅತ್ ಅವಳ ಕಿವಿಯಲ್ಲಿ ಹೇಳಿದ: "ನೋಡಮ್ಮಾ, ಬುಟ್ಟಿ ಎತ್ತಿದ್ದನ್ನ ಕಂಡೋರಿಲ್ಲ. ನಮಗಿರೋದು ಅದೊಂದೇ ದಾರಿ. ನೀನು ಕೆಮ್ಮಲೂ ಬೇಡ."

ನ್ಯಾಯಾಧೀಶರು ಕಂಬಿಗಳ ಹಿಂದೆ ನಿಂತಿದ್ದ ಹಮ್ದಾನನನ್ನು ನೇರವಾಗಿ ಕೇಳಿದರು: "ಬುಟ್ಟಿ ಹೇರಿದ್ದು ಯಾರು?"

"ನಾನೇ ಸ್ವಾಮಿ."

ರಿಫಅತ್ ಹಣೆ ಹಿಡಿದುಕೊಂಡ. ಸನಿಯ್ಯಾಳಿಗೆ ಅರ್ಥವಾಯಿತು: ಹೆಂಗಸಿನ ಹೆಸರು ಕೋರ್ಟಿನಲ್ಲಿ ಬರಬಾರದೆಂದು ಹೀಗೆ ಹೇಳುತ್ತಿದ್ದಾನೆ.

"ಸುಳ್ಳು!" ಎಂದು ಎದ್ದು ನಿಂತಳು. "ರೊಟ್ಟಿಬುಟ್ಟಿ ಮುಟ್ಟಿದ್ರೆ ಮೀಸೆ ಉದುರುತ್ತೆ ಅನ್ನೋ ಜನ ಸ್ವಾಮಿ ಇವರು! ನಮ್ಮೂರಲ್ಲಿ ಯಾವ ಗಂಡಸು ಎತ್ತಿದಾನೆ, ವಿಚಾರಿಸಿ. ಬಂದೂಕು ಅಡೀಲಿಟ್ಟೋಳೂ ನಾನೇ, ಹೇರಿದೋಳೂ ನಾನೇ. ಇವನು ಕತ್ತೆ ಹಗ್ಗ ಹಿಡಿದದ್ದಷ್ಟೇ."

"ಬಾಯ್ಮುಚ್ಚೇ, ದೊಡ್ಡಪ್ಪನ ಮಗಳೇ!"

"ಮುಚ್ಚಿದ್ದಕ್ಕೇ ನೀನು ಅಲ್ಲಿರೋದು, ಚಿಕ್ಕಪ್ಪನ ಮಗನೇ!"

ಜನ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಊರಿನ ಮುಖಂಡನನ್ನೂ ಕತ್ತೆ ತಡೆದ ಪೊಲೀಸನನ್ನೂ ಕರೆಸಿ ಕೇಳಿದರು. ನಮ್ಮಲ್ಲಿ ಗಂಡಸರು ರೊಟ್ಟಿಬುಟ್ಟಿ ಮುಟ್ಟುವುದಿಲ್ಲ ಎಂದು ಒಬ್ಬ, ಇವನು ಹಗ್ಗವನ್ನಷ್ಟೇ ಹಿಡಿದಿದ್ದ ಎಂದು ಇನ್ನೊಬ್ಬ ಹೇಳಿದ.

ಸಂಜೆ ತೀರ್ಪು ಬಂತು. ಹಮ್ದಾನನಿಗೆ ಬಿಡುಗಡೆ, ಸನಿಯ್ಯಾಳ ಮೇಲೆ ಹೊಸ ತನಿಖೆ. ಅವಳ ಪಕ್ಕಕ್ಕೆ ಪೊಲೀಸನೊಬ್ಬ ಬಂದು ನಿಂತ.

ಹಮ್ದಾನ್ ಹತ್ತಿರ ಬಂದು, "ಹೆದರಿಕೆ ಆಗ್ತಿಲ್ವೇನೇ?" ಎಂದ.

"ಆಗ್ತಿದೆ," ಎಂದಳು. "ನಾಳೆ ಬೆಳಿಗ್ಗೇನೇ ಠಾಣೆಗೆ ಬಂದು ಕಾಣು."